ಬೋಕಿ ಹೇಳುವ ಚರಿತ್ರೆ

ನಮ್ಮ ನಾಡಿನ ಚರಿತ್ರೆ ಬರೆದವರು ಕಲ್ಲನ್ನು ಓದಿದರು, ತಾಮ್ರಪಟವನ್ನು ಓದಿದರು, ಓಲೆಗರಿಯನ್ನು ಓದಿದರು. ಕಲ್ಲು ಕೆತ್ತಿಸಿದವನು ರಾಜ. ತಾಮ್ರಪಟ ಕೊಟ್ಟವನು ರಾಜ, ಪಡೆದವನು ಅಗ್ರಹಾರದವನು. ಓಲೆಗರಿ ಹಿಡಿದ ಕೈ ಬಹುಪಾಲು ಅಕ್ಷರದ ಹಕ್ಕು ತನ್ನದೇ ಎಂದುಕೊಂಡ ಜಾತಿಗಳ ಕೈ. ಹೀಗಾಗಿ ನಮ್ಮ ಪಠ್ಯಪುಸ್ತಕಗಳಲ್ಲಿ ದಾನ ಕೊಟ್ಟವನ ಬಿರುದು ಇದೆ, ದಾನ ತಗೊಂಡವನ ಗೋತ್ರ ಇದೆ. ಆ ದಾನದ ಊರಿನಲ್ಲಿ ನೀರು ತುಂಬಿದ ಕೊಡವನ್ನು ಯಾರು ಮಾಡಿದರು, ಹ್ಯಾಗೆ ಮಾಡಿದರು ಅನ್ನೋದು ಮಾತ್ರ ಇಲ್ಲ.

ಅಕ್ಷರ ಬರೆಯದ ಜನಕ್ಕೆ ಚರಿತ್ರೆಯೇ ಇಲ್ಲ ಎಂದು ಹೇಳಿಕೊಂಡು ಬಂದದ್ದು ಸುಳ್ಳು. ಅಕ್ಷರ ಬರೆಯದವರು ಬಿಟ್ಟುಹೋದ ದಾಖಲೆ ಒಂದಿದೆ. ಅದನ್ನು ಯಾವ ಆಸ್ಥಾನ ಕವಿಯೂ ತಿದ್ದಲಿಲ್ಲ, ಯಾವ ಪುರೋಹಿತನೂ ನಡುವೆ ನಾಲ್ಕು ಸಾಲು ಸೇರಿಸಲಿಲ್ಲ. ಅದು ಒಡೆದ ಮಡಕೆಯ ಚೂರು. ನಮ್ಮ ಹುಡುಗರು ಕುಂಟೆಬಿಲ್ಲೆ ಆಡಲು ಆಯ್ದುಕೊಳ್ಳುವ ಬೋಕಿ. ಹಾಳೂರ ದಿಣ್ಣೆಯಲ್ಲಿ ನೇಗಿಲು ಹೂಡಿದರೆ ಸಾಲು ಸಾಲಿಗೆ ಮೇಲೆ ಬರುವ ಬೋಕಿ. ಒಡೆದ ಮಡಕೆಯನ್ನು ಯಾರೂ ಎತ್ತಿಡುವುದಿಲ್ಲ, ಕರಗಿಸುವುದಿಲ್ಲ, ಕದಿಯುವುದಿಲ್ಲ. ಬಂಗಾರ ಕರಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಕಟ್ಟಿಗೆ ಗೆದ್ದಲ ಪಾಲು. ಸುಟ್ಟ ಮಣ್ಣು ಉಳಿಯುತ್ತದೆ. ಕಳೆದ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ವಿಜ್ಞಾನ ಈ ಚೂರನ್ನು ಓದುವ ಹಲವು ದಾರಿಗಳನ್ನು ಕಂಡುಕೊಂಡಿದೆ. ಆ ಓದು ನಮಗೆ ಏನು ಹೇಳುತ್ತದೆ, ನಾವು ಯಾಕೆ ಅದನ್ನು ಕೇಳಬೇಕು ಅನ್ನೋದೇ ಈ ಬರಹದ ವಿಷಯ.

ಮೊದಲು ಒಂದು ಮಾತು. ಮಡಕೆ ಮಾಡುವುದನ್ನು ನಮ್ಮಲ್ಲಿ 'ಕೈಕೆಲಸ' ಅನ್ನುತ್ತಾರೆ. ಹಾಗೆ ಅನ್ನುವಾಗಲೇ ತಲೆಗೂ ಅದಕ್ಕೂ ಸಂಬಂಧವಿಲ್ಲ ಎಂಬ ಅರ್ಥ ಸೇರಿಕೊಂಡಿರುತ್ತದೆ. ತಲೆ ಒಬ್ಬರದು, ಕೈ ಇನ್ನೊಬ್ಬರದು ಎಂದು ಸಮಾಜವನ್ನೇ ಸೀಳಿದ ವರ್ಣವ್ಯವಸ್ಥೆಯ ಮಾತು ಅದು. ಪುರಾತತ್ವಜ್ಞ ಗಾರ್ಡನ್ ಚೈಲ್ಡ್ 1936ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು. ಮನುಷ್ಯ ತಿಳಿದೂ ತಿಳಿದು ಒಂದು ರಾಸಾಯನಿಕ ಬದಲಾವಣೆಯನ್ನು ಬಳಸಿಕೊಂಡದ್ದು ಪ್ರಾಯಶಃ ಮಡಕೆ ಸುಡುವುದರಲ್ಲೇ ಮೊದಲು ಎಂಬುದು ಅವರ ವಾದ. ಅಂದರೆ ಕುಂಬಾರಿಕೆ ರಸಾಯನ ವಿಜ್ಞಾನದ ಮೊದಲ ಪಾಠ. ಆ ಪಾಠ ನಡೆದದ್ದು ಯಾವ ಗುರುಕುಲದಲ್ಲೂ ಅಲ್ಲ, ಆವಿಗೆಯ ಮುಂದೆ.

ಆ ಬದಲಾವಣೆ ಏನು ಅಂತ ನೋಡೋಣ. ಕೆರೆಯಂಗಳದ ಜೇಡಿಮಣ್ಣನ್ನು ನೀರಿಗೆ ಹಾಕಿದರೆ ಕರಗುತ್ತದೆ. ಅದೇ ಮಣ್ಣಿನಿಂದ ಮಡಕೆ ಮಾಡಿ ಬಿಸಿಲಲ್ಲಿ ಒಣಗಿಸಿ ಮತ್ತೆ ನೀರಿಗೆ ಹಾಕಿದರೂ ಕರಗುತ್ತದೆ. ಆದರೆ ಸುಟ್ಟ ಮೇಲೆ ಕರಗುವುದಿಲ್ಲ. ಯಾಕೆ? ಜೇಡಿಯೊಳಗೆ ನೀರು ಎರಡು ಬಗೆಯಲ್ಲಿ ಇರುತ್ತದೆ. ಒಂದು, ಕಣಗಳ ನಡುವೆ ಸೇರಿದ ನೀರು. ಇದು ನೂರು ಡಿಗ್ರಿ ಆಸುಪಾಸಿನಲ್ಲಿ ಆವಿಯಾಗಿ ಹೋಗುತ್ತದೆ. ಇನ್ನೊಂದು, ಜೇಡಿಯ ಕಣದ ಕಟ್ಟಡದಲ್ಲೇ ಹೆಣೆದುಕೊಂಡಿರುವ ನೀರು. ಇದು ಹೋಗಬೇಕಾದರೆ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಬೇಕು. ಅದು ಹೋಯಿತು ಅಂದರೆ ಮಣ್ಣು ಹಿಂದಕ್ಕೆ ಮಣ್ಣಾಗುವ ದಾರಿ ಮುಚ್ಚಿತು. ಬೆಂಕಿ ಆತುರಪಟ್ಟು ಏರಿದರೆ ಒಳಗಿನ ನೀರು ಒಮ್ಮೆಲೇ ಆವಿಯಾಗಿ ಮಡಕೆ ಸಿಡಿಯುತ್ತದೆ. 573 ಡಿಗ್ರಿಯಲ್ಲಿ ಮರಳಿನ ಕ್ವಾರ್ಟ್ಜ್ ಹರಳು ತಟ್ಟನೆ ಉಬ್ಬುತ್ತದೆ. ಆ ಗಡಿಯನ್ನು ಬೆಂಕಿ ನಿಧಾನವಾಗಿ ದಾಟಬೇಕು, ಆರುವಾಗಲೂ ನಿಧಾನವಾಗಿ ದಾಟಬೇಕು. ಮಣ್ಣಿನಲ್ಲಿ ಸುಣ್ಣದ ಹರಳು ಉಳಿದಿದ್ದರೆ ಸುಟ್ಟ ಕೆಲವು ದಿನಕ್ಕೆ ಅದು ತೇವ ಹೀರಿ ಉಬ್ಬಿ ಮಡಕೆಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ. ಮಣ್ಣು ಬರಿಯ ಜೇಡಿಯಾದರೆ ಒಣಗುವಾಗಲೇ ಸೀಳುತ್ತದೆ. ಮರಳು, ಹೊಟ್ಟು, ಬೂದಿ ಏನಾದರೂ ಬೆರೆಸಬೇಕು. ಹೆಚ್ಚಾದರೆ ತಿಗರಿಯ ಮೇಲೆ ಏಳುವುದಿಲ್ಲ.

ಥರ್ಮಾಮೀಟರ್ ಇಲ್ಲದೆ, ಸೂತ್ರ ಬರೆದಿಡದೆ ಇಷ್ಟನ್ನೂ ಕುಂಬಾರರು ತಿಳಿದಿದ್ದರು. ಬೆಂಕಿಯ ಬಣ್ಣ ನೋಡಿ ತಿಳಿದರು, ಮಡಕೆಯನ್ನು ಬೆರಳಿನಿಂದ ಬಾರಿಸಿ ಸದ್ದು ಕೇಳಿ ತಿಳಿದರು, ಮಣ್ಣನ್ನು ಬೆರಳ ನಡುವೆ ತಿಕ್ಕಿ ಹದ ತಿಳಿದರು. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆ ನಮ್ಮ ಜನರ ಬಾಯಲ್ಲಿದೆ. ದೊಣ್ಣೆಯ ನಿಮಿಷದ ಬಗ್ಗೆ ನಮ್ಮ ಚರಿತ್ರೆಕಾರರು ಸಾವಿರಾರು ಪುಟ ಬರೆದರು. ಆ ರಾಜ ಈ ರಾಜನನ್ನು ಹೊಡೆದ, ಈ ರಾಜ ಆ ಕೋಟೆ ಒಡೆದ. ಕುಂಬಾರನ ವರುಷದ ಬಗ್ಗೆ ಬರೆದದ್ದು ಎಷ್ಟು?

ಈಗ ಒಂದು ಜಾಗಕ್ಕೆ ಹೋಗೋಣ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಈ ಹೆಸರನ್ನು ಶಾಲೆಯ ಪ್ರತಿ ಹುಡುಗನೂ ಹುಡುಗಿಯೂ ಬಾಯಿಪಾಠ ಮಾಡಿದ್ದಾರೆ. ಯಾಕೆ? ಅಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಹೋದ ಅಪ್ಪಣೆ ಅದು. ಅದನ್ನು ಬರೆದ ಲಿಪಿಕಾರ ಚಪಡನ ಹೆಸರು ಕೂಡ ಕಲ್ಲಿನ ಮೇಲಿದೆ. ಅಕ್ಷರ ಬಲ್ಲವನು ತನ್ನ ಹೆಸರು ಬಿಟ್ಟುಹೋದ. ಆದರೆ ಆ ಬಂಡೆಯ ಬುಡದ ನೆಲದಲ್ಲಿ, ಅಶೋಕನಿಗಿಂತ ಬಹಳ ಹಿಂದಿನಿಂದ ಬಾಳಿದ ಜನರ ದಾಖಲೆ ಅಡಿಗಟ್ಟಲೆ ಆಳಕ್ಕೆ ಬಿದ್ದಿತ್ತು. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು 1940ರ ದಶಕದ ಮೊದಲಲ್ಲಿ ಅಲ್ಲಿ ಅಗೆಸಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಪದರ ಪದರವಾಗಿ ಅಗೆಸಿದರು.

ಪದರಗಳಲ್ಲಿ ಸಿಕ್ಕಿದ್ದು ಮುಖ್ಯವಾಗಿ ಬೋಕಿ. ಕೆಳಗಿನ ಪದರದಲ್ಲಿ ಕಲ್ಲುಕೊಡಲಿಯ ಜನ. ಅವರ ಮಡಕೆ ಬೂದು ಬಣ್ಣದ್ದು, ಕೈಯಲ್ಲೇ ಮಾಡಿದ್ದು. ಸತ್ತ ಎಳೆಗೂಸುಗಳನ್ನು ಅವರು ಮಡಕೆಯೊಳಗಿಟ್ಟು ಹೂಳುತ್ತಿದ್ದರು. ಅದರ ಮೇಲಿನ ಪದರದಲ್ಲಿ ಕಬ್ಬಿಣ ಬಳಸಿದ, ದೊಡ್ಡ ಕಲ್ಲಿನ ಗೋರಿ ಕಟ್ಟಿದ ಜನ. ಅವರ ಮಡಕೆ ನಿಧಾನವಾಗಿ ತಿರುಗುವ ತಿಗರಿಯ ಮೇಲೆ ಆದದ್ದು, ಒಳಗೆ ಕಪ್ಪು ಹೊರಗೆ ಕೆಂಪು. ಅದರ ಮೇಲೆ ಸಾತವಾಹನರ ಕಾಲದ ಪದರ, ಅಲ್ಲಿ ಮಡಕೆ ಜೋರಾಗಿ ತಿರುಗುವ ತಿಗರಿಯದು. ಕೈ, ನಿಧಾನದ ತಿಗರಿ, ವೇಗದ ತಿಗರಿ. ಮಡಕೆ ಎಬ್ಬಿಸುವ ಬಗೆ ಬದಲಾದ ಚರಿತ್ರೆ ಒಂದೇ ಗುಂಡಿಯ ಗೋಡೆಯಲ್ಲಿ ಬರೆದಿತ್ತು. ಇದನ್ನು ಬಾಯಿಪಾಠ ಮಾಡಿಸಿದ ಪಾಠ ನಮ್ಮಲ್ಲಿ ಎಷ್ಟಿದೆ?

ನಡುವಿನ ಪದರದ ಆ ಕಪ್ಪು-ಕೆಂಪು ಮಡಕೆಯ ಮುಂದೆ ಸ್ವಲ್ಪ ನಿಲ್ಲೋಣ. ಒಳಮೈಯೂ ಬಾಯಂಚೂ ಕರ್ರಗೆ, ಹೊರಗಿನ ಕೆಳಮೈ ಕೆಂಪಗೆ. ಮೈಗೆ ಮೆರುಗು. ಬಣ್ಣ ಬಳಿದು ಮಾಡಿದ್ದಲ್ಲ ಇದು. ಬೆಂಕಿಯೇ ಕೊಟ್ಟ ಬಣ್ಣ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಸುಡುವಾಗ ಗಾಳಿ ಚೆನ್ನಾಗಿ ಆಡಿದರೆ ಆ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ಕೆಂಪಾಗುತ್ತದೆ. ಗಾಳಿ ಸಿಗದಂತೆ ಮಾಡಿ, ಹೊಟ್ಟು ತರಗೆಲೆ ಹೊಗೆಯಾಡುವಂತೆ ಮಾಡಿದರೆ ಕಬ್ಬಿಣ ಕೆಂಪಾಗುವುದಿಲ್ಲ, ಹೊಗೆಯ ಇಂಗಾಲ ಮಣ್ಣಿನ ರಂಧ್ರಗಳಲ್ಲಿ ಕೂತು ಕಪ್ಪಾಗುತ್ತದೆ. ಒಂದೇ ಮಡಕೆಯಲ್ಲಿ ಎರಡೂ ಬೇಕು ಅಂದರೆ? ಮಡಕೆಯನ್ನು ಬೋರಲು ಹಾಕಿ, ಬಾಯಿಯನ್ನು ಹೊಟ್ಟು ಬೂದಿಯಲ್ಲಿ ಹೂತು ಸುಡಬೇಕು. ಒಳಗೆ ಗಾಳಿ ಇಲ್ಲ, ಕಪ್ಪು. ಹೊರಗೆ ಗಾಳಿ ಇದೆ, ಕೆಂಪು. ಒಂದೇ ಸಲ ಸುಟ್ಟು ಹೀಗೆ ಮಾಡಿದರು ಅನ್ನುವವರಿದ್ದಾರೆ. ಮೊದಲು ಇಡೀ ಮಡಕೆಯನ್ನು ಕೆಂಪಗೆ ಸುಟ್ಟು, ಎರಡನೇ ಸಲ ಬೋರಲು ಹಾಕಿ ಕಪ್ಪು ಬರಿಸಿದರು ಅನ್ನುವವರೂ ಇದ್ದಾರೆ. ಯಾವ ದಾರಿಯೇ ಆಗಲಿ, ಒಂದು ಮಾತು ನಿಜ. ಗಾಳಿಯನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು, ಯಾವಾಗ ಆವಿಗೆ ಬಿಚ್ಚಬೇಕು ಎಂದು ಬಲ್ಲವರ ಕೆಲಸ ಅದು. ಸ್ವಲ್ಪ ಬೇಗ ಬಿಚ್ಚಿದರೆ ಒಳಗಿನ ಕಪ್ಪು ಉರಿದು ಹೋಗುತ್ತದೆ.

ಪ್ರಯೋಗಶಾಲೆ ಇದನ್ನು ಹ್ಯಾಗೆ ತಿಳಿಯುತ್ತದೆ? ನಮ್ಮ ಹಳ್ಳಿಯ ಮೇಷ್ಟ್ರುಗಳು ಮಕ್ಕಳಿಗೆ ಹೇಳಬಹುದಾದಷ್ಟು ಸರಳ ವಿಷಯ ಇದು. ಬೋಕಿಯಿಂದ ಒಂದು ತೆಳ್ಳನೆಯ ಸೀಳು ತೆಗೆದು, ಗಾಜಿಗೆ ಅಂಟಿಸಿ, ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳ್ಳಗೆ ಉಜ್ಜುತ್ತಾರೆ. ಆಗ ಬೆಳಕು ಅದರೊಳಗೆ ಹಾಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ವಾರ್ಟ್ಜ್, ಅಭ್ರಕ, ಫೆಲ್ಡ್‌ಸ್ಪಾರ್ ಬೇರೆ ಬೇರೆಯಾಗಿ ಹೊಳೆಯುತ್ತವೆ. ಮರಳು ಹೊಳೆಯದೋ, ಕಲ್ಲು ಕುಟ್ಟಿ ಬೆರೆಸಿದ್ದೋ ಅದರ ಮೂಲೆಗಳೇ ಹೇಳುತ್ತವೆ. ಹೊಳೆಯ ಮರಳು ಉರುಳಿ ದುಂಡಗಾಗಿರುತ್ತದೆ, ಕುಟ್ಟಿದ್ದು ಮೊನಚಾಗಿರುತ್ತದೆ. ಹೊಟ್ಟು ಬೆರೆಸಿದ್ದರೆ ಅದು ಉರಿದುಹೋಗಿ ಅದರ ಆಕಾರದ ಖಾಲಿ ಜಾಗ ಉಳಿದಿರುತ್ತದೆ. ಎಕ್ಸ್‌ರೇ ಹಾಯಿಸಿದರೆ ಮಣ್ಣಿನೊಳಗಿನ ಸಣ್ಣ ಸಂದುಗಳು ಯಾವ ದಿಕ್ಕಿಗೆ ವಾಲಿವೆ ಎಂದು ಕಾಣುತ್ತದೆ. ತಿಗರಿಯ ಮೇಲೆ ಎಳೆದ ಮಡಕೆಯಲ್ಲಿ ಅವು ಸುತ್ತಿಕೊಂಡು ಓರೆಯಾಗಿ ಏರುತ್ತವೆ. ಸುರುಳಿ ಸುತ್ತಿ ಕೈಯಲ್ಲಿ ಮಾಡಿದ್ದಾದರೆ ಬೆಸುಗೆಯ ಗೆರೆ ಕಾಣುತ್ತದೆ.

ಬೆಂಕಿ ಎಷ್ಟಿತ್ತು ಅನ್ನೋದಕ್ಕೆ ಬೋಕಿಯ ಪುಡಿಯ ಮೇಲೆ ಇನ್ನೊಂದು ಬಗೆಯ ಎಕ್ಸ್‌ರೇ ಪರೀಕ್ಷೆ ಮಾಡಿ ಯಾವ ಖನಿಜ ಉಳಿದಿದೆ, ಯಾವುದು ಅಳಿದಿದೆ ಎಂದು ನೋಡುತ್ತಾರೆ. ಜೇಡಿಯ ಹರಳು ಅಳಿದಿದ್ದರೆ 600 ದಾಟಿದೆ. ಸುಣ್ಣದ ಖನಿಜ ಉಳಿದಿದ್ದರೆ ಸುಮಾರು 800 ದಾಟಿಲ್ಲ. ತೆರೆದ ಆವಿಗೆಯ ಬೆಂಕಿ ಸಾಮಾನ್ಯವಾಗಿ 600ರಿಂದ 900 ಡಿಗ್ರಿಯೊಳಗೆ ಆಡುತ್ತದೆ. ಇನ್ನೊಂದು ದಾರಿ ಬೋಕಿಯನ್ನು ಮತ್ತೆ ಸುಡುವುದು. ಕಪ್ಪು ಚೂರನ್ನು ಗಾಳಿ ಆಡುವ ಕುಲುಮೆಯಲ್ಲಿ ಕಾಯಿಸಿದಾಗ ಕಪ್ಪು ಹಾರಿ ಕೆಂಪಾದರೆ, ಅದು ಇಂಗಾಲದ ಕಪ್ಪು, ಗಾಳಿ ತಡೆದು ಬರಿಸಿದ್ದು ಎಂದು ರುಜುವಾತಾಗುತ್ತದೆ. ಎರಡೂವರೆ ಮೂರು ಸಾವಿರ ವರ್ಷದ ಹಿಂದೆ ಹೆಸರಿಲ್ಲದ ಯಾರೋ ಹೂಡಿದ ಬೆಂಕಿಯ ಲೆಕ್ಕ ಹೀಗೆ ಇವತ್ತು ನಮ್ಮ ಕೈಗೆ ಸಿಗುತ್ತದೆ.

ಆದರೆ ಬೋಕಿಯನ್ನು ಸುಳ್ಳು ಸಾಕ್ಷಿಗೆ ನಿಲ್ಲಿಸುವವರೂ ಇದ್ದಾರೆ. ಈ ಗೋರಿಗಳನ್ನು ನಮ್ಮ ಹಳ್ಳಿಗಳಲ್ಲಿ 'ಪಾಂಡವರ ಮನೆ' ಅನ್ನುತ್ತಾರೆ, 'ಮೋರೇರ ಮನೆ' ಅನ್ನುತ್ತಾರೆ. ತಮ್ಮ ನೆಲದ ದುಡಿದ ಜನರ ಗೋರಿಯನ್ನು ನಮ್ಮವರೇ ಪುರಾಣದ ರಾಜಕುಮಾರರಿಗೆ ಬರೆದುಕೊಟ್ಟರು. ಓದಿದವರು ಇದಕ್ಕಿಂತ ಮೇಲೇನಲ್ಲ. 1950ರಿಂದ 1952ರವರೆಗೆ ಹಸ್ತಿನಾಪುರದಲ್ಲಿ ಅಗೆದ ಬಿ. ಬಿ. ಲಾಲ್ ಅವರು ಅಲ್ಲಿ ಸಿಕ್ಕ ಬಣ್ಣದ ಗೆರೆಯ ಬೂದು ಮಡಕೆಯನ್ನು ಮಹಾಭಾರತದ ಕಥೆಗೆ ಗಂಟು ಹಾಕಿದರು. ಮಡಕೆಗೆ ಯಾವ ಮಹಾಕಾವ್ಯವೂ ಗೊತ್ತಿಲ್ಲ. ಕಪ್ಪು-ಕೆಂಪು ಮಡಕೆ ರಾಜಸ್ಥಾನದ ಆಹಾರದಲ್ಲೂ ಇದೆ, ತಮಿಳುನಾಡಿನ ಆದಿಚ್ಚನಲ್ಲೂರಿನಲ್ಲೂ ಇದೆ, ನಡುವೆ ಸಾವಿರಾರು ವರ್ಷದ ಅಂತರವಿದೆ. ಒಂದೇ ಬಣ್ಣದ ಮಡಕೆ ಅಂದರೆ ಒಂದೇ ಜನಾಂಗ, ಒಂದೇ ರಕ್ತ ಅಂತ ಅಲ್ಲ. ಬೆಂಕಿಯ ವಿದ್ಯೆ ಊರಿಂದ ಊರಿಗೆ, ಕೈಯಿಂದ ಕೈಗೆ ದಾಟುತ್ತದೆ. ಅದಕ್ಕೆ ಗೋತ್ರ ಇಲ್ಲ.

ಇನ್ನೊಂದು ಸಾಕ್ಷಿ ಕೇಳಿ. ಬ್ರಹ್ಮಗಿರಿಗೆ ಬರುವ ಮೊದಲು ವೀಲರ್ 1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಅಗೆಸಿದ್ದರು. ಅಲ್ಲಿ ಇಟಲಿಯಿಂದ ಬಂದ ಕೆಂಪು ಪಾತ್ರೆಯ ಚೂರು ಸಿಕ್ಕವು. ಅವುಗಳ ಕಾಲ ಗೊತ್ತಿತ್ತು. ಅವುಗಳ ಜೊತೆಗೆ ಒಂದು ನುಣುಪಾದ ತಟ್ಟೆಯ ಚೂರೂ ಸಿಕ್ಕಿತು. ಅದರ ಒಳತಳದಲ್ಲಿ ಹಲ್ಲುಚಕ್ರ ಉರುಳಿಸಿದಂತೆ ಸಣ್ಣ ಸಣ್ಣ ಗುರುತುಗಳ ಸುತ್ತುಗಳು. ಇಂಥ ತಟ್ಟೆ ಬ್ರಹ್ಮಗಿರಿಯಲ್ಲೂ ಅಲ್ಲಿಂದ ದೂರವಿಲ್ಲದ ಚಂದ್ರವಳ್ಳಿಯಲ್ಲೂ ಸಿಕ್ಕಿತು. ಈ ಸರಪಣಿ ಹಿಡಿದೇ ವೀಲರ್ ಬ್ರಹ್ಮಗಿರಿಯ ಪದರಗಳಿಗೆ ಕಾಲ ಕಟ್ಟಿದರು. ದೊಡ್ಡ ಕಲ್ಲಿನ ಗೋರಿಯ ಜನ ಕ್ರಿ.ಪೂ. 200ರ ಆಸುಪಾಸಿನವರು ಅಂದರು. ಆ ಹಲ್ಲುಗುರುತಿನ ಕಸುಬು ಭಾರತದ್ದಲ್ಲ, ಮೆಡಿಟರೇನಿಯನ್ ಕಡೆಯಿಂದ ಬಂದದ್ದು ಎಂದೂ ಅಂದರು.

ಎರಡೂ ಮಾತು ನಿಲ್ಲಲಿಲ್ಲ. 1964–65ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಈಗಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಡದಲ್ಲಿ ಅಗೆಸಿದರು. ಕಬ್ಬಿಣವೂ ಕಪ್ಪು-ಕೆಂಪು ಮಡಕೆಯೂ ಮೊದಲು ಕಾಣಿಸಿಕೊಳ್ಳುವ ಪದರದ ಇದ್ದಿಲನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಇಂಗಾಲ-14ರ ಪರೀಕ್ಷೆಗೆ ಒಡ್ಡಿದರು. ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ವೀಲರ್ ಕಟ್ಟಿದ ಲೆಕ್ಕಕ್ಕಿಂತ ಎಂಟುನೂರು ವರ್ಷ ಹಿಂದಕ್ಕೆ. ಅಂದರೆ ಈ ನೆಲದ ಜನ ಬೆಂಕಿಯನ್ನೂ ಕಬ್ಬಿಣವನ್ನೂ ಬಲ್ಲವರಾದದ್ದು ಮೌರ್ಯರ ಅಧಿಕಾರಿಗಳು ಬರುವುದಕ್ಕಿಂತ ಶತಮಾನಗಳ ಮುಂಚೆ.

ಹಲ್ಲುಗುರುತಿನ ತಟ್ಟೆಯ ಕಥೆಯನ್ನು ಮಣ್ಣೇ ಬಿಚ್ಚಿತು. ಪುಣೆಯ ಡೆಕ್ಕನ್ ಕಾಲೇಜಿನ ವಿ. ಡಿ. ಗೋಗ್ಟೆ 1997ರಲ್ಲಿ ಬೇರೆ ಬೇರೆ ಊರುಗಳ ಚೂರುಗಳನ್ನೂ ಮಣ್ಣುಗಳನ್ನೂ ಎಕ್ಸ್‌ರೇ ಪರೀಕ್ಷೆಯಲ್ಲಿ ಹೋಲಿಸಿ, ಆ ಜೇಡಿ ಬಂಗಾಳದ ಚಂದ್ರಕೇತುಗಢ–ತಾಮ್ಲುಕ್ ಸೀಮೆಯದು ಅಂದರು. 2005ರಲ್ಲಿ ಬ್ರಿಟನ್ನಿನ ಸಂಶೋಧಕರು ಮೂಲವಸ್ತುಗಳ ಪ್ರಮಾಣ ಅಳೆದು, ಈ ತಟ್ಟೆಗೂ ಅದರ ಜೊತೆ ಸಿಗುವ ಬೂದು ಪಾತ್ರೆಗಳಿಗೂ ಮಣ್ಣಿನ ಮೂಲ ಒಂದೇ ಎಂದು ತೋರಿಸಿದರು. ಇಟಲಿಯಿಂದ ಬಂದದ್ದಲ್ಲ. ಇಲ್ಲಿನ ಮಣ್ಣು, ಇಲ್ಲಿನ ಕೈ. ಅಂದವಾದದ್ದು ಕಂಡರೆ ಅದು ಹೊರಗಿನವರದ್ದೇ ಇರಬೇಕು ಎಂಬುದು ವಸಾಹತುಶಾಹಿಯ ಕಣ್ಣು. ಅದೇ ಕಣ್ಣು ನಮ್ಮೊಳಗೂ ಇದೆ. ಕೇರಿಯ ಹುಡುಗ ಮೊದಲ ದರ್ಜೆಯಲ್ಲಿ ಪಾಸಾದರೆ 'ಯಾರೋ ಬರೆದುಕೊಟ್ಟಿರಬೇಕು' ಅನ್ನುವ ಕಣ್ಣು ಅದೇ ಅಲ್ಲವೇ?

ಈಗ ಮಡಕೆಯ ಇನ್ನೊಂದು ಗುಣಕ್ಕೆ ಬರೋಣ. ನಮಗೆ ಇದು ಬಹಳ ಮುಖ್ಯ. ಮಡಕೆಯ ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರ. ಬೇಸಿಗೆಯಲ್ಲಿ ನೀರು ತಣ್ಣಗಿರುವುದು ಅದರಿಂದಲೇ. ಒಳಗಿನ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುವಾಗ ಶಾಖ ಹೊತ್ತೊಯ್ಯುತ್ತದೆ. ಈ ಹೀರುವ ಗುಣವನ್ನು ಶಾಸ್ತ್ರ ಬರೆದವರೂ ಬಲ್ಲವರಾಗಿದ್ದರು. ಬಲ್ಲರು, ಆದರೆ ಏನು ಮಾಡಿದರು? ಮನುಸ್ಮೃತಿಯ ಐದನೆಯ ಅಧ್ಯಾಯ ಪಾತ್ರೆಗಳ ಶುದ್ಧಿ ಹೇಳುತ್ತದೆ. ಲೋಹವನ್ನು ತಿಕ್ಕಿ ತೊಳೆದರೆ ಸಾಕು. ಮಣ್ಣಿನ ಪಾತ್ರೆಯನ್ನು ಮತ್ತೆ ಸುಡಬೇಕು. ಕೆಲವು ಮೈಲಿಗೆಗೆ ಮತ್ತೆ ಸುಟ್ಟರೂ ಶುದ್ಧಿ ಇಲ್ಲ, ಒಡೆದು ಬಿಸಾಡುವುದೇ. ಹತ್ತನೆಯ ಅಧ್ಯಾಯ ಚಂಡಾಲರನ್ನು ಊರ ಹೊರಗೆ ಇಟ್ಟು, ಉಣ್ಣಲು ಒಡಕು ಪಾತ್ರೆಯನ್ನೇ ಗೊತ್ತು ಮಾಡುತ್ತದೆ. ಒಂದು ವಸ್ತುವಿನ ಭೌತಿಕ ಗುಣವನ್ನು ಹಿಡಿದು ಮನುಷ್ಯರನ್ನು ಹೊರಗಿಡುವ ಕಾನೂನು ಮಾಡಿದರು. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಡಕೆ ಕಟ್ಟಿಕೊಂಡು ನಡೆಯಬೇಕಿತ್ತು ಎಂದು ಬಾಬಾಸಾಹೇಬರು 1936ರಲ್ಲಿ ದಾಖಲಿಸಿದ್ದಾರೆ. ಮನುಷ್ಯನ ಮೊದಲ ರಸಾಯನ ವಿದ್ಯೆಯ ಫಲವನ್ನು ಮನುಷ್ಯನ ಕೊರಳಿಗೇ ನೇತುಹಾಕಿದ ಸಂಸ್ಕೃತಿ ಇದು. ಹಳ್ಳಿಯ ಚಹಾದಂಗಡಿಯಲ್ಲಿ ಬೇರೆ ಲೋಟ ಇಟ್ಟದ್ದು ಅದೇ ಒಡಕು ಪಾತ್ರೆಯ ಮೊಮ್ಮಗ.

ಮಡಕೆ ಹೀರುವುದು ನಿಜ. ಏನನ್ನು ಹೀರಿತು? ವಿಜ್ಞಾನ ಅದನ್ನೂ ನೋಡಿತು. ಅಡುಗೆಯ ಜಿಡ್ಡು ಮಡಕೆಯ ರಂಧ್ರದೊಳಗೆ ಹೋಗಿ ಕೂತರೆ ಸಾವಿರಾರು ವರ್ಷ ಉಳಿಯುತ್ತದೆ. ಬೋಕಿಯ ಒಳಮೈ ಕೆರೆದು, ಪುಡಿ ಮಾಡಿ, ದ್ರಾವಕದಲ್ಲಿ ಆ ಜಿಡ್ಡನ್ನು ಇಳಿಸಿ ಪರೀಕ್ಷಿಸಿದರೆ ಹಾಲಿನದೋ ಮಾಂಸದ್ದೋ, ಮೆಲುಕು ಹಾಕುವ ಪ್ರಾಣಿಯದೋ ಅಲ್ಲದ್ದೋ ತಿಳಿಯುತ್ತದೆ. ಗುಜರಾತಿನ ಕೋಟಡಾ ಭಡ್ಲಿಯ 59 ಬೋಕಿಗಳನ್ನು ಹೀಗೆ ಪರೀಕ್ಷಿಸಿ, ಸಿಂಧೂ ನಾಗರಿಕತೆಯ ಕಾಲದಲ್ಲಿ ಹಾಲು ಕಾಯಿಸಿದ ಗುರುತನ್ನು 2020ರಲ್ಲಿ ಪ್ರಕಟಿಸಿದರು. ಹರಿಯಾಣ ಮತ್ತು ಉತ್ತರಪ್ರದೇಶದ ಸಿಂಧೂ ನೆಲೆಗಳ ಬೋಕಿಗಳ ಬಗ್ಗೆ ಅದಾದ ಮೇಲೆ ಇನ್ನೊಂದು ಅಧ್ಯಯನ ಬಂತು. ಅಲ್ಲಿನ ಜಿಡ್ಡು ಹಾಲಿನ ಜೊತೆಗೆ ಹಂದಿಯಂಥ ಪ್ರಾಣಿಯ, ದನ ಎಮ್ಮೆಯ, ಕುರಿ ಮೇಕೆಯ ಮಾಂಸವನ್ನು ತೋರಿಸಿತು. ಮಡಕೆ ಹೀರಿಕೊಂಡದ್ದು ಮೈಲಿಗೆಯನ್ನಲ್ಲ, ಉಂಡವರ ಊಟವನ್ನು. ಯಾವ ಊಟದ ಹೆಸರಲ್ಲಿ ನಮ್ಮವರನ್ನು ಊರಾಚೆ ಇಟ್ಟರೋ, ಯಾವ ಊಟದ ಹೆಸರಲ್ಲಿ ಇವತ್ತೂ ದೊಣ್ಣೆ ಹಿಡಿದು ಮನೆಗೆ ನುಗ್ಗುತ್ತಾರೋ, ಆ ಊಟ ಈ ನೆಲದ ಹಳೆಯ ಪಟ್ಟಣಗಳ ಮಡಕೆಯೊಳಗೆ ಇದೆ. ಶಾಸ್ತ್ರದವರು ಮಡಕೆಯನ್ನು ಮತ್ತೆ ಸುಟ್ಟದ್ದು ಮುಟ್ಟಿದವರ ಗುರುತು ಅಳಿಸಲು. ಪ್ರಯೋಗಶಾಲೆ ಮತ್ತೆ ಸುಡುವುದು ಮಾಡಿದವರ ಗುರುತು ಹುಡುಕಲು. ಎರಡು ಬೆಂಕಿಯ ವ್ಯತ್ಯಾಸವೇ ಎರಡು ಸಂಸ್ಕೃತಿಯ ವ್ಯತ್ಯಾಸ.

ಹೆಂಗಸರ ಮಾತು ಬಿಟ್ಟರೆ ಈ ಚರಿತ್ರೆ ಅರ್ಧವೇ. ನಮ್ಮ ದೇಶದ ಬಹಳ ಕಡೆ ಕುಂಬಾರರ ಮನೆಯ ಹೆಂಗಸರು ಮಣ್ಣು ತರುತ್ತಾರೆ, ತುಳಿಯುತ್ತಾರೆ, ಮಡಕೆ ಒಣಗಿಸುತ್ತಾರೆ, ಹೊತ್ತು ಮಾರುತ್ತಾರೆ. ತಿಗರಿ ಮಾತ್ರ ಮುಟ್ಟುವಂತಿಲ್ಲ ಎಂಬ ಕಟ್ಟಳೆ. ಆದರೆ ತಿಗರಿ ಬರುವ ಮೊದಲೂ ಮಡಕೆ ಇತ್ತಲ್ಲ! ಕೈಯಲ್ಲಿ ಮಾಡಿದ ಆ ಮೊದಲ ಮಡಕೆಗಳಲ್ಲಿ ಹೆಂಗಸರ ಕೈ ದೊಡ್ಡದು ಎಂದು ಚೈಲ್ಡ್ ಮೊದಲಾದವರು ಭಾವಿಸಿದ್ದರು. ಈಗ ಹಸಿ ಮಣ್ಣಿನ ಮೇಲೆ ಉಳಿದ ಬೆರಳಚ್ಚಿನ ಗೆರೆಗಳ ಅಗಲ ಅಳೆದು ಗಂಡಸಿನದೋ ಹೆಂಗಸಿನದೋ ಎಂದು ಅಂದಾಜು ಮಾಡುವ ವಿಧಾನ ಬಂದಿದೆ. ಅಮೆರಿಕದ ಮೂಲನಿವಾಸಿಗಳ ಚಾಕೋ ಕಣಿವೆಯ ಮಡಕೆಗಳನ್ನು ಹೀಗೆ ಪರೀಕ್ಷಿಸಿ, ಇಬ್ಬರೂ ಮಾಡುತ್ತಿದ್ದರು ಎಂದು 2019ರಲ್ಲಿ ತೋರಿಸಿದರು. ಅಲ್ಲಿ ಅದು ಹೆಂಗಸರದ್ದೇ ಕೆಲಸ ಎಂಬ ನಂಬಿಕೆ ಇತ್ತು, ಇಲ್ಲಿ ತಿಗರಿ ಗಂಡಸರದ್ದೇ ಎಂಬ ನಂಬಿಕೆ ಇದೆ. ಯಾವ ಕೆಲಸವೂ ಯಾರ ಹಣೆಯಲ್ಲೂ ಬರೆದು ಬಂದಿಲ್ಲ. ಕಟ್ಟಳೆ ಮಾಡಿದವರು ಮನುಷ್ಯರು, ಮುರಿಯುವವರೂ ಮನುಷ್ಯರೇ.

ಕೊನೆಗೆ ಎರಡು ಎಚ್ಚರಿಕೆಯ ಮಾತು ಹೇಳಬೇಕು. ಮೊದಲನೆಯದು, ಹೆಮ್ಮೆಯ ರೋಗ. ತಮಿಳುನಾಡಿನ ಕೀಳಡಿಯಲ್ಲಿ ಸಿಕ್ಕ, ಕ್ರಿ.ಪೂ. ಆರನೆಯ ಶತಮಾನದ್ದೆಂದು ಹೇಳಿದ ಬೋಕಿಗಳ ಕಪ್ಪು ಒಳಲೇಪದಲ್ಲಿ ಇಂಗಾಲದ ಅತಿ ಸಣ್ಣ ಕೊಳವೆಗಳಿವೆ, ನ್ಯಾನೋ ಕೊಳವೆಗಳಿವೆ ಎಂದು 2020ರಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಇಂಥ ಸುದ್ದಿ ಬಂದಾಗ 'ನಮಗೆ ಆಗಲೇ ನ್ಯಾನೋ ತಂತ್ರಜ್ಞಾನ ಗೊತ್ತಿತ್ತು' ಎಂದು ಕುಣಿಯುವುದು ಸುಲಭ. ವೇದದಲ್ಲಿ ವಿಮಾನ ಇತ್ತು ಅನ್ನುವವರಿಗೂ ಆಗ ನಮಗೂ ವ್ಯತ್ಯಾಸ ಇರುವುದಿಲ್ಲ. ಆ ಕುಂಬಾರರಿಗೆ ಕೊಳವೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಯಾವ ಸೊಪ್ಪು, ಯಾವ ಹೊಗೆ, ಎಷ್ಟು ಹೊತ್ತು ಎಂಬ ಹದ. ಆ ಹದವೇ ದೊಡ್ಡದು, ಅದಕ್ಕೆ ಸುಳ್ಳಿನ ಕಿರೀಟ ಬೇಡ. ಎರಡನೆಯದು, ಬೋಕಿ ಎಲ್ಲವನ್ನೂ ಹೇಳುವುದಿಲ್ಲ. ಮಣ್ಣು ಎಲ್ಲಿಯದು, ಬೆಂಕಿ ಎಷ್ಟು, ಒಳಗೆ ಏನು ಬೇಯಿತು ಎಂದು ಹೇಳುತ್ತದೆ. ಮಾಡಿದವರ ಜಾತಿ ಹೇಳುವುದಿಲ್ಲ. ಯಾಕೆಂದರೆ ಜಾತಿ ಮಣ್ಣಿನ ಗುಣ ಅಲ್ಲ, ಬೆಂಕಿಯ ಗುಣ ಅಲ್ಲ. ಸೂಕ್ಷ್ಮದರ್ಶಕದಲ್ಲಿ ಅಭ್ರಕ ಕಾಣುತ್ತದೆ, ಕ್ವಾರ್ಟ್ಜ್ ಕಾಣುತ್ತದೆ, ಮೇಲು ಕೀಳು ಕಾಣುವುದಿಲ್ಲ. ಅದನ್ನು ಬೇರೆ ಯಾರೋ ತಂದು ಮೆತ್ತಿದರು.

ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಗೌರವ ಕೊಟ್ಟರು. ಕುಂಬಾರ ಗುಂಡಯ್ಯನ ಮೇಲೆ ಹರಿಹರ ರಗಳೆ ಬರೆದ. ಗುಂಡಯ್ಯ ಮಡಕೆ ಬಾರಿಸಿದ ಸದ್ದಿಗೆ ಶಿವ ಕುಣಿದ ಎಂಬುದು ಕಥೆ. ಒಳ್ಳೆಯದು. ಆದರೆ ಮಡಕೆ ಬಾರಿಸಿ ಸದ್ದು ಕೇಳುವುದು ಶಿವನನ್ನು ಕುಣಿಸುವುದಕ್ಕೆ ಮಾತ್ರ ಅಲ್ಲ, ಮಡಕೆ ಬೆಂದಿದೆಯೋ ಇಲ್ಲವೋ ತಿಳಿಯುವುದಕ್ಕೆ. ಭಕ್ತಿಯ ಚರಿತ್ರೆ ಬರೆದಾಯಿತು, ವಿದ್ಯೆಯ ಚರಿತ್ರೆ ಬರೆಯುವುದು ಬಾಕಿ ಇದೆ. 'ಯೋಗ್ಯತೆ' ಎಂಬ ಪದ ಹಿಡಿದು ಮೀಸಲಾತಿಯನ್ನು ಹಳಿಯುವವರಿಗೆ ನಾವು ಕೊಡಬೇಕಾದ ಉತ್ತರ ಆ ಚರಿತ್ರೆಯಲ್ಲಿದೆ. ಮೂರು ಸಾವಿರ ವರ್ಷ ಈ ನಾಡಿನ ಅನ್ನ ಬೇಯಿಸಿದ, ನೀರು ತಣಿಸಿದ, ಕಾಳು ಕಾದಿಟ್ಟ ವಿದ್ಯೆ ಯೋಗ್ಯತೆ ಅಲ್ಲದಿದ್ದರೆ ಇನ್ನಾವುದು ಯೋಗ್ಯತೆ?

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಕೆಲಸ ನಮ್ಮ ಕಾಲಬುಡದಲ್ಲೇ ಇದೆ. ನಿಮ್ಮೂರ ಹಾಳು ದಿಣ್ಣೆಯಲ್ಲಿ ಕಪ್ಪು-ಕೆಂಪು ಬೋಕಿ ಕಂಡರೆ ಅಗೆಯಬೇಡಿ. ಪದರದಿಂದ ಕಿತ್ತ ಬೋಕಿ ಪುಟದಿಂದ ಹರಿದ ಅಕ್ಷರದಂತೆ, ಓದಲು ಬಾರದು. ಎಲ್ಲಿ ಕಂಡಿರಿ ಎಂದು ಬರೆದಿಡಿ, ಪುರಾತತ್ವ ಇಲಾಖೆಗೆ ತಿಳಿಸಿ. ನಿಧಿ ಅಂತ ಗೋರಿ ಒಡೆಯುವವರನ್ನು ತಡೆಯಿರಿ. ಬಳ್ಳಾರಿ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳಲ್ಲಿ ಕಲ್ಲುಕೊಡಲಿಯ ಜನರ ನೆಲೆಗಳನ್ನು ಕಲ್ಲು ಗಣಿ ತಿಂದಿದೆ. ಕ್ರಷರ್ ಬಾಯಿಗೆ ಹೋದ ಚರಿತ್ರೆಗೆ ಯಾವ ಪ್ರಯೋಗಶಾಲೆಯೂ ಇಲ್ಲ. ನಿಮ್ಮೂರಲ್ಲಿ ಇನ್ನೂ ತಿಗರಿ ತಿರುಗುತ್ತಿದ್ದರೆ ಮಕ್ಕಳನ್ನು ಅಲ್ಲಿಗೆ ಕರಕೊಂಡು ಹೋಗಿ. ಮಣ್ಣು ಎಲ್ಲಿಂದ, ಮರಳು ಎಷ್ಟು, ಆವಿಗೆ ಯಾವಾಗ ಬಿಚ್ಚೋದು ಎಂದು ಕೇಳಿಸಿ, ಅವರು ಹೇಳಿದ ಮಾತಿನಲ್ಲೇ ಬರೆಸಿ. ಅದು ವಿಜ್ಞಾನದ ತರಗತಿಯೂ ಹೌದು, ಚರಿತ್ರೆಯ ತರಗತಿಯೂ ಹೌದು.

ರಾಜರ ಹೆಸರು ಬಾಯಿಪಾಠ ಮಾಡಿದ್ದು ಸಾಕು. ಚಪಡನ ಅಕ್ಷರ ಓದಿದ ನಾವು, ಆ ಬಂಡೆಯ ಬುಡದಲ್ಲಿ ಮಡಕೆಯನ್ನು ಬೋರಲು ಹಾಕಿ ಬೆಂಕಿ ಹೂಡಿದವರ ವಿದ್ಯೆಯನ್ನೂ ಓದಲು ಕಲಿಯಬೇಕು. ಆ ಬೆಂಕಿ ಆರಿ ಎಷ್ಟೋ ಕಾಲವಾಯಿತು. ಅದರ ಲೆಕ್ಕ ಮಣ್ಣಿನಲ್ಲಿದೆ. ಕೇಳುವವರು ಬೇಕು, ಅಷ್ಟೇ.